ನಮ್ಮ ಬಾವಿಯ ಮರ್ಯಾದೆ

ಸಿಟ್ಟಿನಲ್ಲಿ ಎರಡು ಜಾತಿ. ಒಂದು ಅಪ್ಪಂದಿರಿಗೆ ಬರುವ ಸಿಟ್ಟು. ಅದಕ್ಕೆ ಕಾರಣ ಬೇಕಿಲ್ಲ, ಆದರೆ ಬೆಲೆ ಉಂಟು. ಇನ್ನೊಂದು ನನ್ನಂಥ ಹೈಸ್ಕೂಲು ಹುಡುಗರಿಗೆ ಬರುವ ಸಿಟ್ಟು. ಅದಕ್ಕೆ ನೂರು ಕಾರಣ ಉಂಟು, ಬೆಲೆ ಮಾತ್ರ ಇಲ್ಲ. ನಾನು ಹಲ್ಲು ಕಡಿದು ನಿಂತರೆ ನಮ್ಮ ಮನೆಯಲ್ಲಿ "ಪಾಪ, ಹಸಿವಾಗಿರಬೇಕು" ಎಂದು ತಟ್ಟೆ ಇಡುತ್ತಾರೆ. ನಾನೂ ಉಣ್ಣುತ್ತೇನೆ, ಅದು ಬೇರೆ ಮಾತು. ಉಂಡ ಮೇಲೂ ಇಳಿಯದ ಒಂದು ಸಿಟ್ಟು ಹೋದ ಜನವರಿಯಿಂದ ನನ್ನೊಳಗೆ ಕೂತಿದೆ. ಯಾರ ಮೇಲೆ ಎಂದರೆ ಮರ್ಯಾದೆಯ ಮೇಲೆ. ಲೋಕದಲ್ಲಿ ಜನ ಹಾವು ಕಚ್ಚಿ ಸಾಯುತ್ತಾರೆ, ಆನೆ ತುಳಿದು ಸಾಯುತ್ತಾರೆ. ನಮ್ಮ ಮನೆಯವರಿಗೆ ಅಂಥ ಸಣ್ಣಪುಟ್ಟ ಅಪಾಯಗಳು ಸಾಲುವುದಿಲ್ಲ. ನಾವು ಮರ್ಯಾದೆಯಿಂದ ಸಾಯುವ ಮನೆತನದವರು.

ನಮ್ಮದೇನು ದೊಡ್ಡ ಎಸ್ಟೇಟಲ್ಲ. ಮನೆಯ ಹಿಂದಿನ ಏರಿನಲ್ಲಿ ಒಂದಷ್ಟು ಕಾಫಿ, ಮುಂದೆ ಗದ್ದೆ. ಆದರೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷವೇ ಅಪ್ಪ ಕೈಯಲ್ಲಿ ತಿರುಗಿಸುವ ಒಂದು ಪಲ್ಪರ್ ತಂದರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ನು. ಅದನ್ನು ನೋಡಲು ಬಂದ ಜನ ನನ್ನ ನಾಮಕರಣಕ್ಕೂ ಬಂದಿರಲಿಲ್ಲವಂತೆ. ಬ್ಲಾಕ್ ಆಫೀಸಿನ ಗ್ರಾಮಸೇವಕರು ಬಂದು, ಹಿಡಿಯನ್ನು ಎರಡು ಸುತ್ತು ತಿರುಗಿಸಿ, "ಇದೇ ನೋಡಿ ಪ್ರಗತಿ" ಎಂದು ಹೇಳಿ, ಊಟ ಮಾಡಿ ಹೋದರು. ಈ ಪ್ರಗತಿಯ ಸಿಪ್ಪೆ, ಲೋಳೆ, ತೊಳೆದ ನೀರು ಎಲ್ಲಾದರೂ ಹೋಗಬೇಕಲ್ಲ. ಅದಕ್ಕೆಂದು ಅಪ್ಪ ಏರಿನ ಮೇಲೆ ಒಂದು ಗುಂಡಿ ತೋಡಿಸಿದರು. ಗುಂಡಿಯ ನೇರ ಕೆಳಗೆ ನಮ್ಮ ಬಾವಿ. ನೀರು ಮೇಲಿಂದ ಕೆಳಕ್ಕೆ ಹೋಗುತ್ತದೆ ಎಂಬ ಸುದ್ದಿ ಆಗಿನ್ನೂ ನಮ್ಮ ಮನೆಗೆ ತಲುಪಿರಲಿಲ್ಲ.

ಹಣ್ಣು ಕುಯ್ಯುವ ಕಾಲ ಬಂತೆಂದರೆ ಬಾವಿ ನೀರಿಗೆ ಟೀ ಸೊಪ್ಪು ಕುದಿಸಿದ ಬಣ್ಣ. ವಾಸನೆಯನ್ನು ಹೇಗೆ ವರ್ಣಿಸಲಿ? ಕೊಳೆತ ಹಲಸಿನ ಹಣ್ಣೊಂದು ನಮ್ಮ ಬಾವಿಯ ಪಕ್ಕ ಕೂತರೆ ಅತ್ತರು ಹಚ್ಚಿಕೊಂಡ ಹಾಗೆ ಅನ್ನಿಸುತ್ತಿತ್ತು. ನಮ್ಮ ನಾಯಿ ಆ ನೀರನ್ನು ನೋಡಿ ಬೊಗಳುತ್ತಿತ್ತು. ನಾಯಿಗೆ ಮರ್ಯಾದೆಯ ಕಾಟವಿಲ್ಲ. ನಾವು ಕುಡಿಯುತ್ತಿದ್ದೆವು. ನನ್ನ ತಂಗಿ ಸೀತೆ, ಇನ್ನೂ ಒಂದನೇ ಕ್ಲಾಸು, ಹೊಟ್ಟೆನೋವು, ಭೇದಿ ಎಂದು ಮಲಗಿದವಳು ವಾರಗಟ್ಟಲೆ ಚಾಪೆ ಬಿಡಲಿಲ್ಲ. ಕೈಬಳೆ ಮೊಣಕೈ ದಾಟಿ ಮೇಲೆ ಹೋಗುತ್ತಿತ್ತು. ಇದೊಂದನ್ನು ನಾನು ಉಪ್ಪು ಖಾರ ಹಚ್ಚಿ ಹೇಳುತ್ತಿಲ್ಲ. ಅಪ್ಪನಿಗೆ ಹೇಳಿದರೆ, "ಅದು ಬಾವಿಯ ವಾಸನೆ ಅಲ್ಲ ಮಾರಾಯ, ಗಾಳಿಯದ್ದು. ಈ ಬಾವಿ ನನ್ನ ಅಜ್ಜ ತೋಡಿದ್ದು" ಎನ್ನುತ್ತಿದ್ದರು. ಅಜ್ಜ ತೋಡಿದರೆ ನೀರು ಕೆಡಬಾರದು ಎಂದು ಕಾನೂನು.

ಆಗ ಬಂದವರು ನಮ್ಮ ಕೆಮಿಸ್ಟ್ರಿ ಮಾಸ್ಟ್ರು. ಮೈಸೂರು ಕಡೆಯಿಂದ ವರ್ಗವಾಗಿ ಬಂದವರು. ಒಣ ಎಲೆ ಅಲುಗಿದರೂ ಜಿಗಣೆ ಎಂದು ಪಂಚೆ ಎತ್ತಿ ನೋಡುವವರು. ಮಡಿಕೇರಿಯಿಂದ ಪೊನ್ನಂಪೇಟೆವರೆಗಿನ ಕೆಮಿಸ್ಟ್ರಿ ಮಾಸ್ಟ್ರುಗಳೆಲ್ಲ ಸೇರಿ ಊರೂರಿನ ಬಾವಿ ನೀರು ಪರೀಕ್ಷೆ ಮಾಡುವುದೆಂದು ನಿಶ್ಚಯ ಮಾಡಿಕೊಂಡಿದ್ದರು. "ರಸ್ತೆ ಎಷ್ಟಾಯ್ತು, ಮೆಷಿನ್ ಎಷ್ಟು ಬಂತು ಅಂತ ಎಣಿಸೋಕೆ ಸರ್ಕಾರ ಇದೆ ಕಣ್ರೋ" ಎಂದರು ಕ್ಲಾಸಿನಲ್ಲಿ. "ಈ ಪ್ರಗತಿ ಬಾಳಿಕೆ ಬರುತ್ತೋ, ಇಲ್ಲ ನಿಮ್ಮ ಮಕ್ಕಳ ಕಾಲಕ್ಕೆ ಕುಡಿಯೋ ನೀರೇ ಇರಲ್ವೋ ಅಂತ ನೋಡೋರು ಯಾರು? ನಾವು. ಎಲ್ಲಾ ಸ್ಕೂಲಲ್ಲೂ ಒಂದೇ ಔಷಧಿ, ಒಂದೇ ಅಳತೆ. ವರ್ಷ ವರ್ಷ ಅಳೆದು ಹೋಲಿಸೋದು. ನಾಳೆ ಎಲ್ಲರೂ ಮನೆ ಬಾವಿ ನೀರು ಒಂದು ಬಾಟ್ಲಿ ತನ್ನಿ." ಔಷಧಿ ಎಂದರೆ ಪರ್ಮಾಂಗನೇಟು, ಬಾವಿಗೆ ಹಾಕುವ ಕೆಂಪು ಹರಳು. ನೀರಿಗೆ ಒಂದಿಷ್ಟು ಆಸಿಡ್ಡು ಹಾಕಿ, ಈ ಕೆಂಪನ್ನು ಹನಿಸಿ ಬಿಸಿ ಮಾಡಿದಾಗ ಗುಲಾಬಿ ಬಣ್ಣ ಉಳಿದರೆ ನೀರು ಒಳ್ಳೆಯದು. ಕೊಳೆತದ್ದು ಸೇರಿದ್ದರೆ ಬಣ್ಣ ಮಾಯ.

ಮನೆಗೆ ಬಂದು ಅಪ್ಪನನ್ನು ಹಿಡಿದೆ. "ನೀರು ಕೆಟ್ಟಿದೆ ಅಂತ ಮಾಸ್ಟ್ರು ಹೇಳಿದ್ರೆ ಗುಂಡಿ ಬೇರೆ ಕಡೆ ತೋಡಿಸ್ತೀರಾ?" ಅಪ್ಪ ಮೀಸೆಯಲ್ಲೇ ನಕ್ಕು, "ಓದಿದವರು ಹೇಳಿದ್ರೆ ತೋಡಿಸುವ. ಹೇಳಲಿ ನೋಡುವ" ಎಂದರು. ನಾನು ಆಗಲೇ ಗೆದ್ದೆ ಎಂದುಕೊಂಡೆ. ಬಾವಿಯಿಂದ ಅತ್ಯಂತ ಗಬ್ಬಾದ ನೀರನ್ನು ಪ್ರೀತಿಯಿಂದ ಸೇದಿ, ಬಾಟಲಿ ತುಂಬಿ, ಬಿರಡೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಮರುದಿನ ಮಬ್ಬುಗತ್ತಲಲ್ಲೇ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಕ್ಲಾಸಿನಲ್ಲಿ ಭಾಷಣ ಬೇರೆ ಮಾಡಿದೆ: ನಮ್ಮ ಬಾವಿಯ ಮುಂದೆ ಪರ್ಮಾಂಗನೇಟು ನಿಲ್ಲುವುದೇ ಇಲ್ಲ, ಬಾಟಲಿಯನ್ನು ದೂರದಿಂದ ಕಂಡರೇ ಬಣ್ಣ ಬಿಟ್ಟು ಓಡುತ್ತದೆ, ಕೊಡಗಿನಲ್ಲೇ ಇಂಥ ಕೆಟ್ಟ ನೀರು ಇನ್ನೊಂದಿಲ್ಲ.

ಮಾಸ್ಟ್ರು ನಮ್ಮ ನೀರಿಗೆ ಔಷಧಿ ಬಿಟ್ಟರು. ಬಿಸಿ ಮಾಡಿದರು. ಕಾದರು. ಗುಲಾಬಿ, ಮದುಮಗಳ ಕೆನ್ನೆಯ ಹಾಗೆ, ಹಾಗೇ ನಿಂತಿತು. "ಅತ್ಯುತ್ತಮ ನೀರು" ಎಂದರು ಮಾಸ್ಟ್ರು.

"ಎಂತ ಮಾರಾಯ, ನಿಮ್ಮ ಬಾವಿಲಿ ಪನ್ನೀರು ಬರ್ತದಾ?" ಎಂದ ಪಕ್ಕದ ಪೂಣಚ್ಚ. ಹುಡುಗಿಯರ ಬೆಂಚು ನಕ್ಕಿತು. ಇನ್ನೂ ವಿಚಿತ್ರವೆಂದರೆ ಹೆಚ್ಚುಕಡಿಮೆ ಎಲ್ಲರ ನೀರೂ ಗುಲಾಬಿಯೇ. ಫೇಲಾದದ್ದು ಒಂದೇ ಒಂದು, ಅರ್ಚಕರ ಮಗ ವೆಂಕಟೇಶನದ್ದು. ದಿನಾ ಎರಡು ಸಲ ಬಾವಿಕಟ್ಟೆ ತೊಳೆಯುವ ಮನೆ. ಅವನು ಅಳುವುದೊಂದು ಬಾಕಿ.

ಸಂಜೆ ಅಪ್ಪ ಸುದ್ದಿ ಕೇಳಿ, "ನಾನು ಹೇಳಲಿಲ್ಲವಾ" ಎಂದು ಎರಡನೇ ಸಲ ಅನ್ನ ಹಾಕಿಸಿಕೊಂಡರು. ನಾನು ಅಡುಗೆಮನೆಗೆ ಹೋದೆ. ಅಲ್ಲಿ ಅಜ್ಜಿ ಒಬ್ಬರೇ ನಗುತ್ತಾ ಕೂತಿದ್ದರು. ಅಜ್ಜಿ ಸುಮ್ಮಸುಮ್ಮನೆ ನಗುವವರಲ್ಲ.

"ಅಜ್ಜಿ, ಬಾಟ್ಲಿ ಮುಟ್ಟಿದಿರಾ?"

"ಮುಟ್ಟದೆ ಮತ್ತೆ? ಆ ಗಬ್ಬು ನೀರ್ ಊರವಕ್ಕೆ ಕಳ್ಸಿಕೆ ನಮ್ಮ ಮನೆಗೆ ಎಂತ ಬಡತನ ಬಂದುಟ್ಟು? ಅದರ ಚೆಲ್ಲಿ ತಲಕಾವೇರಿ ತೀರ್ಥ ತುಂಬಿಸಿದೆ. ನಿನ್ನ ಮಾಸ್ಟ್ರು ಕುಡಿಯಲಿ, ಪುಣ್ಯ ಉಟ್ಟು."

"ಕುಡಿಲಿಕ್ಕೆ ಅಲ್ಲ ಅಜ್ಜಿ, ಪರೀಕ್ಷೆಗೆ."

"ಪರೀಕ್ಷೆಲಿ ಪಾಸ್ ಆತಾ ಇಲ್ಲೆನಾ?"

"ಆಯ್ತು."

"ಮತ್ತೆ ಎಂತಕೆ ಕೂಗಾಡುದು?"

ಈ ಪ್ರಶ್ನೆಗೆ ಯಾವ ಕೆಮಿಸ್ಟ್ರಿ ಪುಸ್ತಕದಲ್ಲೂ ಉತ್ತರವಿಲ್ಲ. ತುಲಾ ಸಂಕ್ರಮಣದ ದಿನ ತಂದು ದೇವರ ಮುಂದೆ ಮುಚ್ಚಿಟ್ಟ ತೀರ್ಥ. ನಮ್ಮ ಮನೆ ಹೆಸರಿನಲ್ಲಿ ಸಾಕ್ಷಾತ್ ಕಾವೇರಮ್ಮ ಪರೀಕ್ಷೆಗೆ ಕೂತು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ಅಲ್ಲಿ ಸೀತೆ ಮತ್ತೊಮ್ಮೆ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು.

ಮರುದಿನ ಮಾಸ್ಟ್ರಿಗೆ ಎಲ್ಲಾ ಹೇಳಿಬಿಟ್ಟೆ. ಅವರು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರು. ಕೇಳುತ್ತಾ ಹೋದಂತೆ ಅವರ ಮುಖವೇ ಪರ್ಮಾಂಗನೇಟಿನ ಬಣ್ಣಕ್ಕೆ ತಿರುಗಿತು. ಪೂಣಚ್ಚನ ಮನೆಯವರೂ ತೀರ್ಥವನ್ನೇ ಕಳುಹಿಸಿದ್ದರು. ಒಬ್ಬನ ತಾಯಿ ಮಳೆಗಾಲದಲ್ಲಿ ಹಿಡಿದಿಟ್ಟ ನೀರನ್ನು ಏಳು ಮಡಿಕೆ ಬಟ್ಟೆಯಲ್ಲಿ ಸೋಸಿದ್ದರು. ಇನ್ನೊಬ್ಬ, ತಮ್ಮ ಬಾವಿಯನ್ನು ನಂಬದೆ, ಮಾವನ ಮನೆಯ ಬಾವಿಯಿಂದ ಬಸ್ಸಿನಲ್ಲಿ ತರಿಸಿದ್ದ. ಪಾಪದ ವೆಂಕಟೇಶನ ಮನೆಯವರು ಮಾತ್ರ ಸ್ವಂತ ಬಾವಿಯದ್ದನ್ನೇ ಕೊಟ್ಟಿದ್ದರು. ಆದರೆ ಮಾಸ್ಟ್ರಿಗೆ ಶೀತವಾದೀತೆಂದು ಜೀರಿಗೆ ಹಾಕಿ ಕುದಿಸಿ ಕೊಟ್ಟಿದ್ದರು. ಬಣ್ಣ ತಿಂದದ್ದು ಜೀರಿಗೆ.

"ನಾನು ನಿಮ್ಮ ನೀರು ಕೇಳಿದ್ನೋ, ಬೀಗರ ಊಟ ಕೇಳಿದ್ನೋ?" ಎಂದು ಮಾಸ್ಟ್ರು ಮೇಜು ಗುದ್ದಿದರು. ಇನ್ನು ಮೇಲೆ ಮನೆಮನೆಗೆ ಹೋಗಿ ತಾವೇ ಸೇದುವುದಾಗಿ ಸಾರಿದರು. ಮೊದಲ ಮನೆ ನಮ್ಮದು.

ಆ ಭಾನುವಾರಕ್ಕೆ ನಾನು ಕಾದ ಹಾಗೆ ಯಾರೂ ಹಬ್ಬಕ್ಕೂ ಕಾದಿರಲಾರರು. ಮಾಸ್ಟ್ರು ಬಸ್ಸಿಳಿದು, ಏರು ಹತ್ತಿ, ಬೆವರು ಸುರಿಸುತ್ತಾ ಬಂದು ಜಗಲಿಯಲ್ಲಿ ಕುಸಿದರು. ಅಪ್ಪ ಎದ್ದು ನಿಂತು ಕೈ ಮುಗಿದರು. "ಮೊದಲು ಒಂದು ಚೊಂಬು ನೀರು ಕೊಡಪ್ಪ. ಬಾವಿ ಆಮೇಲೆ ನೋಡೋಣ" ಎಂದರು ಮಾಸ್ಟ್ರು ನನಗೆ. ಇದಕ್ಕಿಂತ ಒಳ್ಳೆಯ ಅವಕಾಶ ಉಂಟೇ? ಬಾವಿ ನೀರನ್ನೇ ಕೊಡುವುದು, ಮಾಸ್ಟ್ರು ಅಪ್ಪನ ಎದುರಿಗೇ ಉಗಿಯುವುದು, ಪರೀಕ್ಷೆ ಅಲ್ಲಿಗೇ ಮುಗಿಯುವುದು. ಹಿತ್ತಲಿಗೆ ಓಡಿ ಚೊಂಬು ತುಂಬಿದೆ. ವಾಸನೆ ಮೂಗಿಗೆ ಬಡಿಯಿತು. ಆ ಮನುಷ್ಯ ಅಷ್ಟು ದೂರದಿಂದ ನಡೆದು ಬಂದಿದ್ದಾರೆ. ನಮ್ಮ ಮನೆಗೆ ಬಂದಿದ್ದಾರೆ. ಏನಾಯಿತೋ ತಿಳಿಯದು, ಕೈ ತಾನಾಗಿ ಚೊಂಬನ್ನು ಬೋರಲು ಹಾಕಿತು. ನಾನು ಗದ್ದೆ ಇಳಿದು, ಬದು ಹಾರಿ, ಪಕ್ಕದ ಮನೆಯವರ ಒರತೆಗೆ ಓಡುತ್ತಿದ್ದೆ. ಸ್ವಂತ ಬಾವಿ ಇರುವವರು ಇನ್ನೊಬ್ಬರ ಒರತೆಯಿಂದ ನೀರು ಹೊರಬಾರದೆಂದು ಅಪ್ಪ ಕಟ್ಟಪ್ಪಣೆ ಮಾಡಿದ್ದ ಒರತೆ.

ಮಾಸ್ಟ್ರು ಗಟಗಟ ಕುಡಿದರು. ಅಪ್ಪ ನನ್ನ ಮೊಣಕಾಲವರೆಗೆ ಮೆತ್ತಿದ ಕೆಸರು ನೋಡಿದರು.

"ಬಾವಿ ಹಿತ್ತಲಲ್ಲೇ ಉಂಟಲ್ಲ. ನೀನು ಎಲ್ಲಿಗೆ ಹೋಗಿದ್ದೆ?"

"ಮನೆಗೆ ಬಂದವರಿಗೆ ಬಾವಿ ನೀರು ಕೊಡ್ಲಿಕ್ಕೆ ಆಗ್ತದಾ ಅಪ್ಪ?"

ಬಾಗಿಲ ಹಿಂದಿನಿಂದ ಅಜ್ಜಿ ಮೊದಲ ಸಲ ನನ್ನ ಪರ ವಕಾಲತ್ತು ಹಿಡಿದರು. "ಸರಿಯಾಗೇ ಮಾಡಿದೆ. ಬಂದವಕ್ಕೆ ಆ ನೀರ್ ಕೊಟ್ಟರೆ ನಮ್ಮ ಮರ್ಯಾದೆ ಉಳ್ದದೆಯಾ?"

ಮಾಸ್ಟ್ರು ಬಾಯಿ ಒರೆಸಿಕೊಂಡರು. ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದ ಸೀತೆ ಅವರಿಗೆ ಕಾಣುತ್ತಿದ್ದಳು. "ಬಂದವರಿಗೆ ಆಗದ ನೀರು ಮನೆ ಮಗುವಿಗೆ ಆಗುತ್ತಾ ಅಮ್ಮ?" ಎಂದು ಮೆಲ್ಲಗೆ ಕೇಳಿದರು.

ಅಪ್ಪ ಚೊಂಬನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಪರೀಕ್ಷೆಯೂ ಆಯಿತು. ಗುಲಾಬಿ ಬಣ್ಣ ನಮ್ಮ ನೀರಿಗೆ ಬಿದ್ದ ಕೂಡಲೇ ಸತ್ತಿತು. ಅದನ್ನು ಅಪ್ಪ ನೋಡಲೂ ಇಲ್ಲ, ಆಗಲೇ ಗುದ್ದಲಿ ಹುಡುಕಲು ಹೋಗಿದ್ದರು. ಗುಂಡಿ ಈಗ ಏರಿನ ಆಚೆ ಬದಿಯಲ್ಲಿದೆ. ಬಾವಿ ತಿಳಿಯಾಗುವವರೆಗೆ ಅಪ್ಪನೇ ಒರತೆಯಿಂದ ನೀರು ಹೊತ್ತರು. ಸೀತೆ ಎದ್ದು, ನನ್ನ ಪುಸ್ತಕ ಹರಿಯುವಷ್ಟು ಗಟ್ಟಿಯಾಗಿದ್ದಾಳೆ.

ಇಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಆದರೆ ಮಾಸ್ಟ್ರು ಕ್ಲಾಸಿನ ಗೋಡೆಗೆ ಊರಿನ ನಕ್ಷೆ ತೂಗುಹಾಕಿ, ನೀರು ಕೆಟ್ಟ ಮನೆಗಳಿಗೆ ಕಪ್ಪು ಚುಕ್ಕಿ ಇಡತೊಡಗಿದರು. ಪಕ್ಕದಲ್ಲಿ ಮನೆತನದ ಹೆಸರು ಬೇರೆ. ನಾನು ಎದ್ದು ಹೋಗಿ ಅವರ ಕಿವಿಯ ಹತ್ತಿರ, "ಸಾರ್, ನಮ್ಮದನ್ನು ಪೆನ್ಸಿಲ್ಲಿನಲ್ಲಿ ಇಡಿ. ಮುಂದಿನ ವರ್ಷ ಅಳಿಸ್ಲಿಕ್ಕೆ ಸುಲಭ" ಎಂದೆ. ಅವರು ಶಾಯಿಯಲ್ಲೇ ಇಟ್ಟರು, ಅದೂ ಗೋಲಿಯಷ್ಟು ದಪ್ಪ. ಆ ನಕ್ಷೆ ತೂಗುವುದು ಹುಡುಗಿಯರ ಬೆಂಚಿನ ಎದುರಿಗೆ. ಎಷ್ಟು ಓದಿದರೇನು, ಒಂದು ಮನೆಗೆ ಮರ್ಯಾದೆ ಅನ್ನುವುದು ಇರುತ್ತದೆ ಎಂದು ಆ ಮನುಷ್ಯನಿಗೆ ಇನ್ನೂ ಗೊತ್ತಿಲ್ಲ.