ನಮ್ಮ ಅತ್ತಿಯ ತಪ್ಪಿನ ಯಾದಿ

ನಮ್ಮ ಅತ್ತಿ ಇಷ್ಟೊತ್ತಿಗೆ ಜೇಲಿನ್ಯಾಗ ಇರಬೇಕಾಗಿತ್ತು. ಇದು ನನ್ನ ಮಾತಲ್ಲರಿ, ಆಕೀದೇ ಮಾತು. ನಮ್ಮಪ್ಪನ ತಂಗಿ ಈಕಿ, ಇಪ್ಪತ್ತು ವರ್ಷದಿಂದ ಒಂದೇ ದವಾಖಾನ್ಯಾಗ ಸಿಸ್ಟರ್ ಆಗಿ ಕೆಲಸ ಮಾಡಾಕತ್ಯಾಳ. ಮಂದಿ ಕೈ ಮುಗಿದು "ನಿಮ್ಮ ಕೈಗುಣ ಭಾಳ ಛಲೋ ಐತ್ರಿ ಸಿಸ್ಟರ್" ಅಂತಾರ. ಬ್ಯಾರೆಯವರಾದ್ರ ನಕ್ಕು ಮುಂದ ಹೋಗ್ತಾರ, ಹೌದಿಲ್ಲೊ? ಈಕಿ ಹೋಗಂಗಿಲ್ಲ! ನಿಂತು, ಕನ್ನಡಕ ಏರಿಸಿಕೊಂಡು, ತಾ ಇಷ್ಟು ವರ್ಷದಾಗ ಏನೇನು ತಪ್ಪು ಮಾಡೀನಿ ಅಂತ ಒಂದೊಂದಾಗಿ ಹೇಳಾಕ ಸುರು ಮಾಡ್ತಾಳ.

ಕುಷ್ಟಗಿಯೊಳಗ ಒಂದು ಮದುವಿಗೆ ಹೋಗಿದ್ವಿ. ಊಟದ ಪಂಕ್ತ್ಯಾಗ ನಮ್ಮ ಎದುರಿಗೆ ಕುಂತ ಹಿರೇರೊಬ್ಬರು ಆಕಿ ಗುರುತು ಹಿಡದ್ರು. "ನಮ್ಮ ಮಾವಾರನ್ನ ಉಳಿಸಿದಾವ್ರು ನೀವೇ ನೋಡ್ರಿ ಸಿಸ್ಟರ್" ಅಂದ್ರು.

"ಉಳದದ್ದು ಅವರ ಪುಣ್ಯೇರಿ" ಅಂದ್ಲು ಅತ್ತಿ. "ನಾ ಅವರಿಗೆ ಬಾಜೂ ಕಾಟಿನವರ ಗುಳಿಗಿ ಕೊಟ್ಟಿದ್ದೆ. ಅರ್ಧ ತಾಸಿಗೆ ಲಕ್ಷ್ಯಕ್ಕ ಬಂತು, ಓಡಿ ಹೋಗಿ ಡಾಕ್ಟರಿಗೆ ಹೇಳಿದೆ. ಸಂಜೀ ತನಕಾ ಅವರ ಕೈನಾಡಿ ಹಿಡಕೊಂಡು ಕುಂತಿದ್ದೆ. ಹೋಳಿಗಿ ಆರತೈತಿ, ಉಣ್ರಿ."

ಆ ಮನಷ್ಯಾನ ಕೈಯಾಗಿನ ಹೋಳಿಗಿ ಬಾಯಿಗೂ ಹೋಗಲಿಲ್ಲ, ಎಲಿಗೂ ಇಳೀಲಿಲ್ಲ. ನನಗಂತೂ ಭೂಮಿ ಬಾಯಿ ಬಿಡಬಾರದ ಅನಿಸ್ತು. ಬರೂವಾಗ "ಅತ್ತಿ, ಅವರು ಇದನ್ನೆಲ್ಲಾ ಕೇಳಿದ್ರೇನು?" ಅಂತ ಸಿಟ್ಟೀಲೆ ಅಂದೆ. "ಕೇಳಲಿಲ್ಲ, ಅದಕ್ಕ ನಾನೇ ಹೇಳಿದೆ" ಅಂದ್ಲು. ಇಂಥಾ ನಾಲಿಗಿ ಇದ್ದಾಕಿಗೆ ಮದುವಿ ಹೆಂಗ ಆಗಬೇಕು? ಯಲಬುರ್ಗಿಯಿಂದ ನೋಡಾಕ ಬಂದವರ ಕೈಯಾಗ ಉಪ್ಪಿಟ್ಟಿನ ತಾಟು ಇಟ್ಟು "ಇದು ನಮ್ಮ ವೈನಿ ಮಾಡಿದ್ದು, ನಾ ಮಾಡಿದ್ದನ್ನ ದನಾನೂ ಮೂಸಂಗಿಲ್ಲ" ಅಂದಿದ್ಲಂತ. ಅವರು ತಾಟು ಖಾಲಿ ಮಾಡಿ ಹೋದಾವ್ರು ಮತ್ತ ಬರಲೇ ಇಲ್ಲ. ಅವತ್ತಿಂದ ಅತ್ತಿ ನಮ್ಮ ಮನ್ಯಾಗೇ ಅದಾಳ.

ನಾನೂ ಅದೇ ದವಾಖಾನ್ಯಾಗ ಚೀಟಿ ಬರಿಯೋ ಖಿಡಕಿಯೊಳಗ ಕುಂದರತೀನಿ. ಯಾವ ಊರಿಂದು ಅಂತ ಮಾತ್ರ ಕೇಳಬ್ಯಾಡ್ರಿ. ಕೊಪ್ಪಳ ಜಿಲ್ಲಾ ಆದ ಹೊಸದರಾಗ ಬಾಗಲ ತಗದ ಸಣ್ಣ ಖಾಸಗಿ ದವಾಖಾನಿ, ಅಷ್ಟು ತಿಳಕೊಂಡ್ರ ಸಾಕು. ನನ್ನ ಎಡಗಾಲು ಒಂದೀಟು ಎಳೀತೈತಿ. ಎರಡು ವರ್ಷದ ಕೂಸಿದ್ದಾಗ ಪೋಲಿಯೋ ಬಡೀತಂತ. ಆ ಕಾಲನ್ನೂ ನಾ ಕೆಲಸಕ್ಕ ಹಚ್ಚೀನಿ ನೋಡ್ರಿ! ಪೋಲಿಯೋ ಹನಿ ಹಾಕೋ ದಿನ ಪ್ರತಿ ವರ್ಷ ಬೂತಿನ್ಯಾಗ ಕುಂದರತೀನಿ. ಒಲ್ಲೆ ಅನ್ನೋ ತಾಯಂದ್ರ ಮುಂದ ಸೀರಿ ಸ್ವಲ್ಪ ಎತ್ತಿ "ಇಲ್ಲಿ ನೋಡ್ರಿ, ಹಿಂಗ ಆಗತೈತಿ" ಅಂದ್ರ ಸಾಕು, ಕೂಸಿನ ಬಾಯಿ ತಗಸ್ತಾರ. ಎಲ್ಲಾರೂ ನಗತಾರ. ಅತ್ತಿ ಒಬ್ಬಾಕಿ ಹನಿ ಬಾಟ್ಲಿ ನೋಡಕೋತ ಕುಂತಿರತಾಳ.

ವಾರ್ಡಿನ್ಯಾಗ ಅತ್ತಿ ನಡಿಗಿ ಅಂದ್ರ ಹುಬ್ಬಳ್ಳಿ ಗಾಡಿ. ಹೊಸಾ ಸಿಸ್ಟರುಗಳು ಓಡಿದ್ರೂ ಆಕಿ ಸೀರಿ ಸೆರಗು ಸಿಗಂಗಿಲ್ಲ. ಆದ್ರ ಸಂಜೀಕ ನನ್ನ ಜೋಡಿ ಬಸ್ಸಿಗೆ ಹೊಂಟ್ರ ಮಾತ್ರ "ಮಣಕಾಲು ಹಿಡದಾವವ್ವಾ" ಅಂತ ಮೆಲ್ಲಕ ಬರತಾಳ. ಮುದುಕಿಗೆ ಡ್ಯೂಟಿ ಮುಗಿದ ಮ್ಯಾಲ ಮಣಕಾಲು ನೆನಪಾಗತಾವ ಅಂತ ನಾ ಚಾಷ್ಟಿ ಮಾಡ್ತಿದ್ದೆ.

ಇನ್ನ ಹೆಸರು ಕೇಳೂದು. ಯಾರಿಗೆ ಏನು ಕೊಡಬೇಕಾದ್ರೂ ಆಕಿ ಹೆಸರು ಕೇಳಬೇಕು, ಊರು ಕೇಳಬೇಕು, ಅಪ್ಪನ ಇಲ್ಲಾ ಗಂಡನ ಹೆಸರು ಕೇಳಬೇಕು. ನಮ್ಮಪ್ಪ, ಅಂದ್ರ ಆಕಿ ಒಡಹುಟ್ಟಿದ ಅಣ್ಣ, ಕುಡಗೋಲು ಬಡಿಸಿಕೊಂಡು ರಕ್ತ ಸೋರಿಸಿಕೋತ ಬಂದಿದ್ದ.

"ಹೆಸರೇನ್ರಿ?" ಅಂದ್ಲು.

"ಲೇ, ನಿಮ್ಮಣ್ಣಲೇ ನಾ."

"ಅಣ್ಣ ಹೌದು, ಹೆಸರು ಹೇಳು. ಅಪ್ಪನ ಹೆಸರೂ ಹೇಳು."

"ನಿಮ್ಮಪ್ಪನೇ ನಮ್ಮಪ್ಪ! ಮೊದಲ ಹೊಲಿಗಿ ಹಾಕ ಮಾರಾಯ್ತಿ."

ಹೇಳೋ ತನಕಾ ಬಿಡಲಿಲ್ಲ. ನಮ್ಮಪ್ಪ ಹಲ್ಲು ಕಡಕೋತ ತನ್ನ ತಂಗಿಗೆ ತಮ್ಮಪ್ಪನ ಹೆಸರು ಹೇಳಿದ.

ಹೆಣ್ಣಮಕ್ಕಳ ವಾರ್ಡಿನ ಕಥಿ ಇನ್ನೂ ಫಜೀತಿ. ನಮ್ಮ ಕಡೆ ಹಿರೇ ಹೆಣ್ಣಮಕ್ಕಳು ಗಂಡನ ಹೆಸರು ಬಾಯಿಲೆ ಹೇಳ್ತಾರೇನು? ಹಿಟ್ನಾಳ ಕಡಿಂದ ಬಂದ ಒಬ್ಬಾಕಿ, ಕೇಳಿದ ಕೂಡ್ಲೇ ಸೆರಗು ಬಾಯಿಗೆ ಹಿಡಕೊಂಡು "ಲಂಕಾ ಸುಟ್ಟಾವ್ರದು ಐತಲ್ರಿ, ಅದೇ" ಅಂದ್ಲು. ಗಂಗಾವತಿ ಸೀಮ್ಯಾಗ ಲಂಕಾ ಸುಟ್ಟಾವ್ರಿಗೆ ಬರ ಐತೇನು? ಕಲ್ಲು ಒಗದ್ರ ಒಬ್ಬ ಹನುಮಪ್ಪಗ ಬಡೀತೈತಿ. ಆ ಸಾಲಿನ್ಯಾಗ ಮೂರು ಮಂದಿ ಯಲ್ಲವ್ವಾರು, ಮೂವರ ಗಂಡಂದ್ರೂ ಒಂದಿಲ್ಲೊಂದು ನಮೂನಿ ಹನುಮಪ್ಪನೇ. ಅತ್ತಿ ಹಳೀ ಸೀರಿ ಹರದು ಒಬ್ಬಾಕಿ ಕೈಗೆ ಕೆಂಪು, ಒಬ್ಬಾಕಿಗೆ ಹಸರು, ಒಬ್ಬಾಕಿಗೆ ಹಳದಿ ಪಟ್ಟಿ ಕಟ್ಟಿದ್ಲು. ಅವರೋ, ಇದ್ಯಾವುದೋ ದೇವರ ದಾರ ಅಂತ ಕಣ್ಣಿಗೆ ಒತ್ತಿಕೊಂಡು ಮನಿಗೆ ಹೋದ್ರು. ವರ್ಷ ಬಿಟ್ಟು ಬಾಣಂತನಕ್ಕ ಬಂದಾಗಲೂ ಕೆಂಪು ಪಟ್ಟಿಯಾಕಿ ಅದನ್ನ ಬಿಚ್ಚಿದ್ದಿಲ್ಲ, ಕೇಳಿದ್ರ "ಇದು ಕಟ್ಟಿದ ಮ್ಯಾಲೇ ಬಸರಾತ್ರಿ" ಅಂದ್ಲು!

ಆದ್ರ ಆಕಿ ಖರೇ ಹುಚ್ಚು ನೋಡಬೇಕಂದ್ರ ಸಣ್ಣ ಮಕ್ಕಳಿಗೆ ಸೂಜಿ ಮಾಡೂ ಮುಂದ ನೋಡಬೇಕು. ನಮ್ಮ ಮಂದಿಗೆ ಸೂಜಿ ಮಾಡದಿದ್ದಾವ ಡಾಕ್ಟರೇ ಅಲ್ಲ. ಶ್ರೀರಾಮನಗರದ ಭತ್ತದ ಗದ್ದಿಯಿಂದ ಬಂದವರು "ಒಂದು ಸೂದಿ ವೇಯಂಡಿ ಅಮ್ಮಾ" ಅಂತ ತೆಲುಗಿನ್ಯಾಗ ಬೇಡಿಕೋತಾರ, ಯಲಬುರ್ಗಿಯವರು "ಒಂದು ಸೂಜಿ ಮಾಡಿ ಬಿಡ್ರಿ ಯಕ್ಕಾ" ಅಂತ ಕಾಲು ಬೀಳ್ತಾರ. ಅತ್ತಿ ಮೊದಲು ಗುಳಿಗಿ ಔಷಧದಾಗ ಆಗತೈತೇನು ಅಂತ ಡಾಕ್ಟರ ಜೋಡಿ ವಾದ ಹಾಕ್ತಾಳ. ಆಗದಿದ್ರ ಕೂಸಿನ್ನ ಇಬ್ಬರ ಕೈಲೆ ಹಿಡಸ್ತಾಳ. ಬೆರಳೀಲೆ ಅಳದು, ಪೆನ್ನೀಲೆ ಗುರುತು ಹಾಕಿ, "ನರ ಈ ಕಡೆ ಐತಿ, ನಾ ಈ ಕಡೆ ಮಾಡಾಕತ್ತೀನಿ" ಅಂತ ಒದರಿ ಹೇಳ್ತಾಳ. ಮಗ್ಗಲ ನಿಂತ ಸಿಸ್ಟರು "ಬಾವಿ ತೋಡೂವಾಗೂ ಇಷ್ಟು ಅಳತಿ ಮಾಡಂಗಿಲ್ಲರಿ" ಅಂತ ಒಮ್ಮೆ ನಕ್ಕಿದ್ಲು. ಅತ್ತಿ ನಗಲಿಲ್ಲ. ಸೂಜಿ ಮಾಡಿ ಮುಗದ ಮ್ಯಾಲ ಕೂಸಿನ ಕಾಲು ಮಡಚಿ, ಬಿಚ್ಚಿ ನೋಡೇ ಬಿಡ್ತಾಳ.

ಇಂಥಾಕಿ ಕೈಗೆ ಹೋದ ವರ್ಷ ಒಂದು ಫಾರಮ್ಮು ಬಂತು!

ಆಗಿದ್ದಿಷ್ಟು. ನಮ್ಮ ದವಾಖಾನಿಗೆ ಒಂದು ದೊಡ್ಡ ಸರ್ಟಿಫಿಕೇಟು ಬೇಕಾಗಿತ್ತು. ಅದನ್ನ ಕೊಡಾವ್ರು ಮೊದಲು ಒಂದು ಕಟ್ಟು ಫಾರಂ ಕಳಿಸಿದ್ರು. "ರೋಗಿಗಳ ಸುರಕ್ಷತೆಯ ಬಗ್ಗೆ ಸಿಬ್ಬಂದಿಯ ಮನೋಭಾವ" ಅಂತ ಮ್ಯಾಲ ಬರದಿತ್ತು. ಹೆಸರು ಬರಿಯೂದು ಬ್ಯಾಡ, ಮನಸ್ಸಿನ್ಯಾಗ ಇದ್ದದ್ದು ಬರೀರಿ, ಅಂತಿತ್ತು. ನಮ್ಮ ಮ್ಯಾನೇಜರ್ ಸಾಹೇಬ್ರು ಮನಸ್ಸಿನ್ಯಾಗ ಇದ್ದದ್ದು ಬರಿಯಾಕ ಬಿಡೂ ಮನಷ್ಯಾ ಅಲ್ಲ. ತಾವೇ ಒಂದು ಫಾರಂ ತುಂಬಿ ಗ್ವಾಡಿಗೆ ಹಚ್ಚಿ "ಎಲ್ಲಾರದೂ ಬರೋಬ್ಬರಿ ಹಿಂಗೇ ಇರಬೇಕು, ಒಂದು ಅಕ್ಷರ ಫರಕು ಆಗಬಾರದು" ಅಂದ್ರು.

ಮಂದಿ ಹೇಳಿದಂಗ ಮಾಡಿದ್ರು. ಅಕ್ಷರ ಫರಕು ಆಗಲಿಲ್ಲ. ಸಾಹೇಬ್ರು ನಮೂನಿಗೆ ಅಂತ ಹುದ್ದೆ ಅನ್ನೋ ಜಾಗಾದಾಗ "ವೈದ್ಯರು" ಅಂತ, ಸೇವೆಯ ಅವಧಿ "ಹನ್ನೆರಡು ವರ್ಷ" ಅಂತ ಬರದಿದ್ರು. ನಾ ಎಲ್ಲಾ ಫಾರಂ ಕೂಡಿಸಿ ನೋಡಿದೆ. ಕಸಾ ಹೊಡಿಯೋ ಹುಲಿಗೆವ್ವ ವೈದ್ಯರು! ಗೇಟಿನ ವಾಚಮನ್ ವೈದ್ಯರು! ಹೋದ ತಿಂಗಳ ಬಂದ ಡ್ರೈವರಂದೂ ಹನ್ನೆರಡು ವರ್ಷ ಸೇವೆ! "ತಪ್ಪಾದರೆ ಮೇಲಿನವರಿಗೆ ಹೇಳಲು ಹೆದರಿಕೆ ಆಗುತ್ತದೆಯೇ?" ಅನ್ನೋ ಪ್ರಶ್ನಿಗೆ ಎಲ್ಲಾರೂ "ಎಂದೂ ಇಲ್ಲ". ಸಾಹೇಬ್ರಿಗೆ ಹೆದರಿ ಬರದಾರ, ಹೆದರಿಕಿ ಎಂದೂ ಇಲ್ಲ ಅಂತ. ವೈದ್ಯರನ್ನ ಬಿಳೇ ಮಸಿಲೆ ಅಳಿಸಿ ತಿದ್ದಿಸೂದರಾಗ ನನ್ನ ಮಧ್ಯಾಹ್ನ ಹೋತು.

ಅತ್ತಿ ಫಾರಂ ಮಾತ್ರ ಆ ಕಟ್ಟಿನ್ಯಾಗ ಇದ್ದಿಲ್ಲ. ಯಾವ ಕಾಗದ ಇದ್ರೂ ನನ್ನ ಖಿಡಕ್ಯಾಗ ಒಗದು ಹೋಗಾಕಿ, ಅವತ್ತು ಮಾತ್ರ ನನ್ನ ಖಿಡಕಿ ದಾಟಿ ಹೋಗಿ ಸಾಹೇಬ್ರ ಟೇಬಲ್ ಮ್ಯಾಲ ಇಟ್ಟು ಬಂದಿದ್ಲು. ಸಂಜೀಕ ಸಾಹೇಬ್ರು ನನ್ನ ಕರದ್ರು.

"ನಿಮ್ಮ ಅತ್ತಿಗೆ ತಲಿ ಐತೇನವಾ?" ಅಂದ್ರು. "ಎಂದೂ ಇಲ್ಲ ಅಂತ ಬರಿ ಅಂದ್ರ ಯಾವಾಗಲೂ ಅಂತ ಗುರುತು ಹಾಕ್ಯಾಳ. ಮ್ಯಾಲ ನಾಕು ಹಾಳಿ ಲಗತ್ತು. ಹೆಸರು ಬ್ಯಾಡಂದ್ರ ಸಹಿ ಬ್ಯಾರೆ! ಇದನ್ನ ಯಾರು ಓದಬೇಕು?"

"ನೀವು ಓದಿದ್ರೇನ್ರಿ?"

"ನನಗೇನು ಬ್ಯಾರೆ ಕೆಲಸಿಲ್ಲೇನು? ನೋಡು, ನಾಳಿ ಅವರು ಬರತಾರ. ಇದನ್ನ ಹರದು ಒಗದು ಆಕಿ ಬದಲಿ ನೀನೇ ಒಂದು ತುಂಬಿ ಲಕೋಟಿ ಅಂಟಿಸಿ ಬಿಡು. ಇದು ಅವರ ಕೈಗೆ ಹೋತಂದ್ರ ಆಕಿ ನಾಡದು ಮನ್ಯಾಗ ಇರತಾಳ."

ತುಂಬಿ ಬಿಡೂದು ಅಂತಲೇ ನಾ ಕುಂತೆ, ಸುಳ್ಳು ಯಾಕ ಹೇಳಲಿ. ಅತ್ತಿಗೆ ವಾರ್ಡು ಬಿಟ್ರ ಬ್ಯಾರೆ ಏನು ಐತಿ? ಮನ್ಯಾಗ ಕುಂದ್ರಸಿದ್ರ ನಮ್ಮವ್ವನ ಒಗ್ಗರಣಿಗೂ ಹೆಸರು, ಊರು ಕೇಳ್ತಾಳ. ಖಾಲಿ ಫಾರಂ ಮುಂದಿಟ್ಟುಕೊಂಡೆ, "ಎಂದೂ ಇಲ್ಲ" ಅನ್ನೋದಕ್ಕ ಗುರುತೂ ಹಾಕಿದೆ. ಆಮ್ಯಾಲ, ಹರಿಯೋ ಮುಂಚೆ ಮುದುಕಿ ಏನು ಬರದಾಳ ನೋಡೂನು ಅಂತ ಆ ನಾಕು ಹಾಳಿ ಬಿಚ್ಚಿದೆ. ತಪ್ಪಿನ ಯಾದಿ. ಕುಷ್ಟಗಿ ಮಾವಾರ ಗುಳಿಗಿ ಐತಿ, ಮೂರು ಯಲ್ಲವ್ವಾರನ್ನ ಮೊದಲು ಅದಲು ಬದಲು ಮಾಡಿದ್ದು ಐತಿ. ಎಲ್ಲಾ ನಾ ಕೇಳಿದ್ದೇ. ನಗಕೋತ ಓದಿದೆ. ಕೊನೀ ಹಾಳಿಗೆ ಬಂದೆ.

"ನಾನು ಟ್ರೇನಿಂಗಿನಲ್ಲಿ ಇದ್ದೆ, ಆರು ತಿಂಗಳು ಆಗಿತ್ತು. ರಜೆಗೆ ಊರಿಗೆ ಬಂದಾಗ ಅಣ್ಣನ ಮಗಳಿಗೆ ಜ್ವರ ಇತ್ತು. ಮನೆಯಲ್ಲೇ ಸಿಸ್ಟರ್ ಇದ್ದಾಳೆ, ಒಂದು ಸೂಜಿ ಮಾಡು ಅಂದರು. ನನಗೂ ಹೆಮ್ಮೆ ಇತ್ತು. ಅಳತೆ ಮಾಡಲಿಲ್ಲ. ಕೂಸು ಒದ್ದಾಡಿತು, ಎಡಗಾಲಿನ ನರಕ್ಕೆ ಬಿತ್ತು. ಬಾಯಿ ಬಿಡಬೇಡ, ಟ್ರೇನಿಂಗ್ ಬಿಡಿಸುತ್ತಾರೆ ಅಂತ ಅಣ್ಣ ಅಂದ. ಪೋಲಿಯೋ ಅಂತ ಹೇಳಿದೆವು. ಉಳಿದ ತಪ್ಪು ಎಲ್ಲಾ ಹೇಳಿದ್ದೇನೆ, ಇದನ್ನು ಹೇಳಿಲ್ಲ. ಯಾರಿಗೆ ಹೇಳಬೇಕೋ ಆಕಿ ದಿನಾ ನನ್ನ ಜೋಡಿ ಬಸ್ಸಿನಲ್ಲಿ ಬರುತ್ತಾಳೆ. ಹೆದರಿಕೆ ಆಗುತ್ತದೆಯೇ ಅಂದರೆ, ಯಾವಾಗಲೂ."

ಮೂರು ಸಲ ಓದಿದೆ. ಮನಿ ಮಂದಿಗೆಲ್ಲಾ ಗೊತ್ತು, ನನಗೊಬ್ಬಾಕಿಗೆ ಗೊತ್ತಿಲ್ಲ! ಸಾಲ್ಯಾಗ ಹುಡುಗ್ರು ಕುಂಟಿ ಅಂತ ಕರೀತಿದ್ದದ್ದು ನೆನಪಾತು. ಪ್ರತಿ ವರ್ಷ ಬೂತಿನ್ಯಾಗ ಕುಂತು, ಆಕಿ ಮುಂದೇ, ಇದು ಪೋಲಿಯೋ ನೋಡ್ರಿ ಅಂತ ಈ ಕಾಲು ತೋರಿಸಿದ್ದು ನೆನಪಾಗಿ ಮೈಯೆಲ್ಲಾ ಉರೀತು. ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತು ಹೇಳಾಕ ಬರಂಗಿಲ್ಲ. ಹರದು ಒಗೀಬಹುದಿತ್ತು. ಒಗದ್ರ ಆಕಿ ನೌಕರಿ ಉಳೀತಿತ್ತು, ನಾ ಓದಿಲ್ಲ ಅಂತಲೂ ಇರಬಹುದಿತ್ತು. ಮತ್ತೊಮ್ಮೆ ನಮ್ಮ ಮನಿಯವರು ಆಕಿ ಬಾಯಿ ಮುಚ್ಚಿಸಿದಂಗೂ ಆಗತಿತ್ತು. ನಾ ತುಂಬಿದ ಫಾರಮ್ಮನ್ನೇ ಹರದೆ. ಆಕೀದನ್ನ ನಾಕು ಹಾಳಿ ಸಮೇತ ಲಕೋಟ್ಯಾಗ ಹಾಕಿ ಅಂಟಿಸಿದೆ.

ನೌಕರಿ ಹೋಗಲಿಲ್ಲ, ಅದನ್ನ ಈಗೇ ಹೇಳಿ ಬಿಡ್ತೀನಿ. ಬಂದವರು ಆಕಿ ಜೋಡಿ ಎರಡು ತಾಸು ಕುಂತು ಮಾತಾಡಿ ಹೋದ್ರು. ಸರ್ಟಿಫಿಕೇಟು ಮಾತ್ರ ಇನ್ನೂ ಬಂದಿಲ್ಲ. ಸಾಹೇಬ್ರು ನನ್ನ ಜೋಡಿ ಮಾತು ಬಿಟ್ಟಾರ.

ಲಕೋಟಿ ಅಂಟಿಸಿದ ಸಂಜೀಕ ಗೇಟಿನ ಹತ್ರ ಅತ್ತಿ ನಿಂತಿದ್ಲು. ಇಬ್ಬರೂ ಹೊಂಟ್ವಿ. ಯಾವಾಗಿನಂಗ ಮಣಕಾಲು ಹಿಡಕೊಂಡು ಮೆಲ್ಲಕ ನಡದ್ಲು.

"ಯಾವ ಮಣಕಾಲು ನೋಯತೈತಿ ಅತ್ತಿ?"

"ಬಲಗಡೀದು."

"ನಿನ್ನೆ ಎಡಗಡೀದು ಅಂದಿದ್ದಿ."

ನಿಂತ್ಲು. ನನ್ನ ಮಾರಿ ನೋಡಲಿಲ್ಲ. "ಓದಿದೇನು?" ಅಂದ್ಲು.

"ಓದಿದೆ. ಹಂಗೇ ಹಾಕಿ ಅಂಟಿಸೀನಿ."

ಆಕಿ ಕನ್ನಡಕ ತಗದು ಸೆರಗಿಲೆ ಒರಸಿದ್ಲು. ಅಷ್ಟರಾಗ ಅಲ್ಲಿ ಕ್ರಾಸಿನ್ಯಾಗ ನಮ್ಮ ಬಸ್ಸು ಹೊರಳತಿತ್ತು. ಅದು ಹೋದ್ರ ಮತ್ತ ಒಂದೂವರಿ ತಾಸು ಇಲ್ಲ.

"ಅತ್ತಿ, ನಿನಗ ಮಣಕಾಲು ನೋವಿಲ್ಲ ಅಂತ ನನಗ ಗೊತ್ತಾತು. ಓಡು, ಬಸ್ಸು ಹಿಡಿ. ನಾ ಹಿಂದಿಂದ ಬರತೀನಿ."

ಓಡಿದ್ಲು ನೋಡ್ರಿ! ಇಷ್ಟು ವರ್ಷದಾಗ ನನ್ನ ಬಿಟ್ಟು ಮುಂದ ಓಡಿದ್ದು ಅದೇ ಮೊದಲು. ಒಂದು ಕಾಲು ಪಾವಟಿಗಿ ಮ್ಯಾಲ, ಒಂದು ಕಾಲು ನೆಲದ ಮ್ಯಾಲ ಇಟ್ಟು ಬಾಗಲ ಹಿಡಕೊಂಡು ನಿಂತ್ಲು. ಕಂಡಕ್ಟರ್ "ಹತ್ತ ಯವ್ವಾ, ಟೈಮ್ ಆತು" ಅಂತ ಸೀಟಿ ಬಾಯಾಗ ಇಟ್ಟ.

"ನಮ್ಮ ಹುಡುಗಿ ಬರಾಕತ್ಯಾಳ, ನಿಂದರ್ರಿ" ಅನ್ನೂದು ನನಗ ದೂರದಿಂದ ಕೇಳಿಸ್ತು. "ಆಕಿ ಮೆಲ್ಲಕ ಬರತಾಳ. ಆ ಕಾಲು ಹಂಗ ಮಾಡಿದಾಕಿ ನಾನೇರಿ. ಪೋಲಿಯೋ ಅಲ್ಲ. ಸೂಜಿ ತಪ್ಪಿ ಮಾಡಿದ್ದೆ."

ಸೀಟಿ ಕಂಡಕ್ಟರನ ಬಾಯಾಗೇ ಉಳೀತು. ನಾ ನನ್ನ ನಡಿಗೀಲೆ ನಡಕೋತ ಬಂದೆ, ಅತ್ತಿ ಕೈ ಕೊಟ್ಲು, ಹಿಡಕೊಂಡು ಹತ್ತಿದೆ.

"ಯಾರವ್ವಾ ಇವ್ರು?" ಅಂತ ಕಂಡಕ್ಟರ್ ನನ್ನ ಮೆಲ್ಲಕ ಕೇಳಿದ.

"ನಮ್ಮ ಅತ್ತಿ" ಅಂದೆ. "ಎರಡು ಟಿಕೇಟ್ ಕೊಡ್ರಿ."