ಮಲಕಪ್ಪನೆಂದು ನನ್ನನ್ನು ಪಾಸು ಮಾಡಿದ ಮೊಬೈಲ್ ಮಾಸ್ತರರಿಗೆ

ಮಾನ್ಯರೇ,

ನನ್ನ ಮಗನ ಮೊಬೈಲಿನಲ್ಲಿ ಬಿಡಾರ ಹೂಡಿ, ಅವನು ದುಡಿಯುವ ದಾಂಡೇಲಿಯ ರಟ್ಟಿನ ಪೆಟ್ಟಿಗೆ ಕಾರ್ಖಾನೆಯವರಿಗೆ ಫೋರ್ಕ್‌ಲಿಫ್ಟ್ ಗಾಡಿ ಓಡಿಸುವ ಪಾಠ ಹೇಳುತ್ತಿರುವ ತಮಗೆ ಗುರುಬಸವ್ವಳ ಸಾಷ್ಟಾಂಗ ನಮಸ್ಕಾರಗಳು. ತೇರಗಾಂವದ ಶಾಲೆಯಲ್ಲಿ ಮೂರನೇ ಇಯತ್ತೆಗೇ ಎಮ್ಮೆ ಕಾಯಲು ಎದ್ದುಹೋದ ನನಗೆ ಈ ವಯಸ್ಸಿನಲ್ಲಿ ನೂರಕ್ಕೆ ತೊಂಬತ್ತು ಅಂಕ ಕೊಟ್ಟ ತಮ್ಮ ದೊಡ್ಡ ಮನಸ್ಸನ್ನು ಹೊಗಳಲು ಮಾತು ಸಾಲವು. ಬೈಯಲು ಮಾತ್ರ ಬೇಕಾದಷ್ಟಿವೆ.

ಅಂದು ಮಗ ಮಲಕಪ್ಪ ಜಳಕಕ್ಕೆ ಹೋಗಿದ್ದಾಗ ತಾವು "ಮುಖ ತೋರಿಸಿ, ಮುಖ ತೋರಿಸಿ" ಎಂದು ಒಂದೇ ಸಮನೆ ಹಲುಬುತ್ತಿದ್ದಿರೆಂದು ಸಮಾಧಾನ ಮಾಡಲು ಎತ್ತಿಕೊಂಡೆ. ನನ್ನ ಕುಂಕುಮ, ಮೂಗುಬಟ್ಟು, ತಲೆಯ ಮೇಲಿನ ಸೆರಗು ಎಲ್ಲವನ್ನೂ ಕಣ್ತುಂಬ ನೋಡಿ "ಸ್ವಾಗತ, ಮಲಕಪ್ಪ" ಎಂದಿರಿ. ಅಂದಿನಿಂದ ನನ್ನ ಮುಖ ಕಾಣದೆ ತಾವು ಬಾಯಿಯನ್ನೇ ಬಿಡಲಿಲ್ಲವಾದ್ದರಿಂದ, ಹಿಂದೆ ಕೂತು ಕೇಳುವುದು ಮಗನ ಪಾಲಿಗೆ, ಮುಂದೆ ಕೂತು ಉತ್ತರ ಒತ್ತುವುದು ನನ್ನ ಪಾಲಿಗೆ ಬಂತು. ತಪ್ಪು ಒತ್ತಿದಾಗಲೆಲ್ಲ "ಮತ್ತೊಮ್ಮೆ ಪ್ರಯತ್ನಿಸಿ" ಎಂದ ತಮ್ಮ ತಾಳ್ಮೆಯ ಕಾಲು ಭಾಗ ನಮ್ಮ ಶಾಲೆಯ ಮಾಸ್ತರರಿಗಿದ್ದರೆ ನಾನು ಇವತ್ತು ತಹಶೀಲ್ದಾರಳಾಗಿರುತ್ತಿದ್ದೆ.

ಈಗ ಕಾರ್ಖಾನೆಯ ಗೇಟಿನಲ್ಲಿ ಕೂತಿರುವ ತಮ್ಮ ದಾಯಾದಿ ಯಂತ್ರವು, ತಾವು ಕೊಟ್ಟ ಪ್ರಮಾಣಪತ್ರದ ಫೋಟೋಕ್ಕೆ ಮುಖ ಹೊಂದುವುದಿಲ್ಲವೆಂದು ಮಗನನ್ನು ಹೊರಗೇ ನಿಲ್ಲಿಸಿದೆ. ಅವನನ್ನು ವರ್ಷಗಟ್ಟಲೆ ಕಂಡ ಸಾಹೇಬರು, "ಮಲಕಪ್ಪಾ, ನಿನ್ನ ಗುರ್ತ ನನಗೈತೋ ಮಾರಾಯ, ಕಂಪ್ಯೂಟರ್ ಒಲ್ಲೆ ಅಂತೈತಿ" ಎಂದರಂತೆ. ಸೋಮವಾರದೊಳಗೆ ತಾವು ಅವನನ್ನು ಒಪ್ಪದಿದ್ದರೆ ಅವನ ಗಾಡಿ ಜೊತೆಗೆ ದುಡಿಯುವ ಬಾಳೇಶನ ಕೈಗೆ ಹೋಗುತ್ತದೆ, ಇವನು ಮನೆಗೆ. ಸೊಸೆ ಶೈಲಾ ಅಳುವುದು ಬಿಟ್ಟು, "ಹಂಗಾರ ಇನ್ಮ್ಯಾಲೆ ನಿಮಗ 'ಏನ್ರೀ' ಅಂತ ಕರೀಲೇನ್ರಿ, ಅತ್ತೀ?" ಎಂದು ಕೇಳುತ್ತಾಳೆ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ಮಗನ ಮೂಗು ನನ್ನದೇ ಅಚ್ಚು, ಮೂಗಿನ ಮಟ್ಟಿಗಾದರೂ ಅವನನ್ನು ಒಳಗೆ ಬಿಡಿ. ಅದೂ ಆಗದಿದ್ದರೆ ಪ್ರಮಾಣಪತ್ರದ ಫೋಟೋದಲ್ಲಿ ನನಗೆ ಮೀಸೆಯನ್ನಾದರೂ ಬರೆದುಕೊಡಿ. ಎರಡಕ್ಕೂ ತಮ್ಮ ಘನತೆ ಅಡ್ಡ ಬಂದರೆ, ಪಾಸಾದ ಮಲಕಪ್ಪ ನಾನೇ ಸೋಮವಾರ ಪಾಳಿಗೆ ಹಾಜರಾಗುತ್ತೇನೆ. ಸೆರಗಿನ ಮೇಲೆ ಕೂರುವಂಥ ಹೆಲ್ಮೆಟ್ ಒಂದನ್ನು ತೆಗೆದಿರಿಸಬೇಕು.

ತಾವೇ ಗಂಡುಮಗನನ್ನಾಗಿ ಮಾಡಿದ,
ತಮ್ಮ ವಿಶ್ವಾಸಿ
ಗುರುಬಸವ್ವ

ತಾ.ಕ.: ಗೇಟಿನ ಕಂಬವನ್ನು ಸೋಮವಾರದೊಳಗೆ ಸ್ವಲ್ಪ ಆಚೆ ಸರಿಸಿಡಿ. ರಿವರ್ಸ್ ತೆಗೆಯುವ ಪಾಠದ ಹೊತ್ತಿಗೆ ನನ್ನ ಮುಖ ತಮ್ಮ ಕಡೆಗಿತ್ತು, ಕಣ್ಣು ಒಲೆಯ ಮೇಲಿನ ಹಾಲಿನ ಕಡೆಗಿತ್ತು.