ಎಚ್ಚರಿಕೆಯ ಮೇಲ್ ಯಾರಿಗೆ ಹೋಯಿತು?

ನಗಬೇಕು ಅಂತ ಯಾರೂ ನಮ್ಮ ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ. ರಾಯಚೂರಿನ ಸ್ಟೇಷನ್ ಕಡೆ ಹೋಗುವ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲೆ, ಡಿಜಿಟಲ್ ಸಹಿ ಮಾಡಿಕೊಡುವ ಕೆಲಸ ನಮ್ಮದು. ಟೆಂಡರ್ ಹಾಕುವವರು, ತೆರಿಗೆ ಸಲ್ಲಿಸುವವರು, ಶಾಲೆ ನಡೆಸುವವರು ಬರುತ್ತಾರೆ. ಪೆನ್‌ಡ್ರೈವಿನಂಥ ಒಂದು ಟೋಕನ್‌ನೊಳಗೆ ಅವರ ಪ್ರಮಾಣಪತ್ರ ಹಾಕಿ ಕೊಡುತ್ತೇವೆ. ಎರಡು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ. ಮುಗಿಯುವ ಮೊದಲು ಎಚ್ಚರಿಕೆಯ ಮೇಲ್ ಹೋಗುತ್ತದೆ. ಆದರೂ ಯಾರಿಗೂ ಎಚ್ಚರ ಆಗುವುದಿಲ್ಲ. ಆಮೇಲೆ ಬಂದು ನನ್ನ ಮೇಜಿನ ಮುಂದೆ ಅಳುತ್ತಾರೆ. ಅಳುವ ನಡುವೆ ಒಮ್ಮೊಮ್ಮೆ ನಗು ಬಂದುಬಿಡುತ್ತದೆ, ಅದಕ್ಕೆ ಯಾರೇನು ಮಾಡೋದು.

ಮಾನ್ವಿಯ ವಿಳಾಸ

ಒಂದು ಮಧ್ಯಾಹ್ನ ಮಾನ್ವಿಯ ಗುತ್ತಿಗೆದಾರರೊಬ್ಬರು ಬಂದು, ಟೋಕನ್ ಮೇಜಿನ ಮೇಲಿಟ್ಟು ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ.

"ಮಲ್ಲಟದಾಗ ಚರಂಡಿ ಕೆಲಸ ಬಂದಿತ್ರಿ ಮೇಡಂ. ನಮ್ಮ ಸ್ವಂತ ಊರು. ಕಡೀ ದಿನ ಟೆಂಡರ್ ಹಾಕಾಕ ಹೋದ್ರ, ಸಹಿ ಅವಧಿ ಮುಗದದ ಅಂತು. ನಂಗ ಯಾರೂ ಯಾಕ ಹೇಳ್ಲಿಲ್ರಿ?"

ನಮ್ಮ ಸಾಹೇಬರು, "ಮೇಲ್ ಬಂದಿರ್ತದ ನೋಡ್ಕೋರಿ," ಅಂದರು. "ನಂಗ ಮೇಲೇ ಇಲ್ರಿ," ಅಂದರು ಅವರು.

ಹಾಗಾದರೆ ಮೇಲ್ ಹೋಗಿದ್ದೆಲ್ಲಿಗೆ? ಅದನ್ನು ತಿಳಿಯಲು ಎಪಿಐ ಅಂತ ಒಂದು ದಾರಿ ಇದೆ. ನಮ್ಮ ಕಂಪ್ಯೂಟರು ಪ್ರಮಾಣಪತ್ರ ಕೊಡುವ ಕಂಪನಿಯ ಕಂಪ್ಯೂಟರನ್ನು ನೇರವಾಗಿ ಕೇಳುತ್ತದೆ: ಈ ಪ್ರಮಾಣಪತ್ರದ ಎಚ್ಚರಿಕೆ ಚಾಲೂ ಇದೆಯೋ, ಬಂದೋ? ಎಷ್ಟು ದಿನ ಮೊದಲು ಹೋಗುತ್ತದೆ? ಯಾವ ವಿಳಾಸಕ್ಕೆ? ನನಗೆ ಸ್ವಲ್ಪ ಪ್ರೋಗ್ರಾಮ್ ಬರೆಯಲು ಬರುತ್ತದೆ. ಬರೆದು ಕೇಳಿದೆ. ಎಚ್ಚರಿಕೆ ಚಾಲೂ ಇತ್ತು, ಸರಿಯಾದ ವೇಳೆಗೆ ಹೋಗಿಯೂ ಇತ್ತು. ವಿಳಾಸ ಮಾತ್ರ, ಅವರು ಅರ್ಜಿ ತುಂಬಿಸಿದ್ದ ಕಂಪ್ಯೂಟರ್ ಅಂಗಡಿಯವನದು. ಮಾನ್ವಿಯ ಉಳಿದವರದ್ದನ್ನೂ ಕೇಳಿದೆ. ಅರ್ಧ ಮಾನ್ವಿಯ ಎಚ್ಚರಿಕೆ ಅವನೊಬ್ಬನಿಗೇ ಹೋಗುತ್ತಿತ್ತು.

ಗುತ್ತಿಗೆದಾರರ ಮುಂದೆಯೇ ಅವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅಂಗಡಿ ಮುಚ್ಚಿ ಬಹಳ ದಿನ ಆಗಿತ್ತಂತೆ; ಈಗ ಮಿರ್ಚಿ ಬಜ್ಜಿ ಗಾಡಿ. ಹಿಂದೆ ಎಣ್ಣೆ ಚುರ್ರೆನ್ನುವುದು ಕೇಳುತ್ತಿತ್ತು.

"ಹೌದ್ರಿ ಮೇಡಂ, ದಿನಾ ಬರ್ತಾವ. 'ಮುಗೀತದ, ಮುಗೀತದ' ಅಂತ."

"ಮತ್ತ ಅವರಿಗೆ ಒಂದು ಮಾತು ಹೇಳಬಾರದೇನ್ರಿ?"

"ನಂಗೇ ಬರ್ತಾವ ಅಂದ್ಕೊಂಡಿದ್ದೆ ರೀ. ಅಂಗಡಿ ಹೋತು, ಕಂಪ್ಯೂಟರ್ ಹೋತು. ನಂದು ಎಲ್ಲಾ ಮುಗದ ಹೋಗ್ಯದ, ಇನ್ನ ಮುಗ್ಯೋದೇನದ ಅಂತ ಅಳಿಸಿ ಅಳಿಸಿ ಒಗೀತೀನಿ."

ಅಲ್ಲಿಯತನಕ ಕಲ್ಲಿನಂತೆ ಕೂತಿದ್ದ ಗುತ್ತಿಗೆದಾರರು ಮೊದಲ ಸಲ ನಕ್ಕರು. "ಬಿಡ್ರಿ ಮೇಡಂ," ಅಂದರು, "ಅವ ನನಗಿಂತ ಮೊದಲ ಎಕ್ಸ್‌ಪೈರ್ ಆಗ್ಯಾನ."

ಸಾಹೇಬರ ಇನ್‌ಬಾಕ್ಸ್

ನಮ್ಮ ಎಲ್ಲಾ ಗಿರಾಕಿಗಳ ಎಚ್ಚರಿಕೆ ಎಲ್ಲೆಲ್ಲಿಗೆ ಹೋಗುತ್ತಿದೆ ಅಂತ ಒಂದೊಂದೇ ತೆಗೆದು ನೋಡು ಅಂತ ಸಾಹೇಬರು ಹೇಳಿದರು. ಮರುದಿನ ಪ್ರೋಗ್ರಾಮ್ ಚಾಲೂ ಮಾಡಿದರೆ, ಕಂಪನಿಯ ಕಂಪ್ಯೂಟರು ಬಾಗಿಲನ್ನೇ ತೆಗೆಯಲಿಲ್ಲ. ನಾವು ಯಾರು ಅಂತ ಅದಕ್ಕೆ ತೋರಿಸಲು ನಮ್ಮ ಆಫೀಸಿಗೂ ಒಂದು ಪ್ರಮಾಣಪತ್ರ ಇರುತ್ತದೆ. ಹಿಂದಿನ ರಾತ್ರಿಯೇ ಅದರ ಅವಧಿ ಮುಗಿದಿತ್ತು.

ಸಾಹೇಬರು ಕೆಂಪಾದರು. "ನಮಗ ಒಂದು ಮೇಲ್ ಹಾಕಬಾರದೇನ್ರಿ ನೀವು? ನಾಚಿಕಿ ಇಲ್ಲೇನು?" ಅಂತ ಕಂಪನಿಯವರ ಜೊತೆ ಫೋನಿನಲ್ಲೇ ಜಗಳ ತೆಗೆದರು. ಆ ಕಡೆಯವರು ತಣ್ಣಗೆ ವಿಳಾಸ ಓದಿ ಹೇಳಿದರು. ಸಾಹೇಬರದೇ. ಇನ್‌ಬಾಕ್ಸ್ ತೆಗೆದು ನೋಡಿದರೆ, ಓದದ ಮೇಲ್‌ಗಳ ರಾಶಿಯ ನಡುವೆ ಎಚ್ಚರಿಕೆಗಳೆಲ್ಲ ಸಾಲಾಗಿ ಮಲಗಿದ್ದವು.

ಸಾಹೇಬರು ಇನ್‌ಬಾಕ್ಸ್ ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲವ್ವಾ, ಮೇಲ್ ಬಂದದ ಅಂತ ನಂಗ ಯಾರರ ಹೇಳಬೇಕಿಲ್ಲೇನು?" ಅಂದರು.

ದೇವದುರ್ಗದ ಮಾಸ್ತರರು

ಹೊಸ ಪ್ರಮಾಣಪತ್ರ ಬಂದ ಮೇಲೆ ಮತ್ತೆ ಹುಡುಕತೊಡಗಿದೆ. ದೇವದುರ್ಗದಲ್ಲಿ ಸಣ್ಣ ಶಾಲೆ ನಡೆಸುವ ಮಾಸ್ತರರೊಬ್ಬರ ಎಚ್ಚರಿಕೆ ಪೂರ್ತಿ ಬಂದ್ ಇತ್ತು. ಅವರ ಸಹಿಯ ಅವಧಿಯೂ ಮುಗಿದು, ಶಾಲೆಯ ಮಾನ್ಯತೆ ಕೆಲಸ ನಿಂತಿತ್ತು. ಯಾಕೆ ಬಂದ್ ಮಾಡಿಸಿದಿರಿ ಅಂತ ಫೋನಿನಲ್ಲಿ ಕೇಳಿದೆ.

"ಮನ್ಯಾಗ ಹೆಣಾನ ಬೀಳ್ತಿತ್ತು ರೀ ಮೇಡಂ," ಅಂದರು.

ಹಿಂದಿನ ಸಲ ಸಹಿಯ ಅವಧಿ ಮುಗಿಯುವ ದಿನಗಳಲ್ಲೇ ಅವರಿಗೆ ಎದೆನೋವು ಬಂದು, ರಾಯಚೂರಿನ ಆಸ್ಪತ್ರೆಗೆ ತೋರಿಸಿ ಬಂದಿದ್ದರಂತೆ. ರಿಪೋರ್ಟ್ ಮೇಲ್‌ನಲ್ಲಿ ಬರುತ್ತದೆ ಅಂತ ಅಲ್ಲಿಯವರು ಹೇಳಿದ್ದರು. ಮಾಸ್ತರರು ಫೋನನ್ನು ಚಾರ್ಜಿಗಿಟ್ಟು ಶಾಲೆಗೆ ಹೋದಾಗ ಮೇಲ್ ಬಂತು. ಹೆಂಡತಿ ತೆಗೆದು ನೋಡಿದರು. ಮೊದಲು ಗಂಡನ ಹೆಸರು, ಮುಂದೆ ಎಕ್ಸ್‌ಪೈರ್ ಅನ್ನುವ ಶಬ್ದ, ಅದರ ಮುಂದೆ ಏಳು ದಿನ. ನಮ್ಮ ಕಡೆ ಇಂಗ್ಲಿಷ್ ಬಾರದವರಿಗೂ ಆ ಮಾತು ಗೊತ್ತು. ಯಾರಾದರೂ ತೀರಿಕೊಂಡರೆ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಹೇಳುವುದೇ ಹಾಗೆ.

ಹೆಂಡತಿ ಜಾಲಹಳ್ಳಿಯ ತವರಿಗೆ ಫೋನ್ ಹಚ್ಚಿ ಅತ್ತರು. ಸಿಕ್ಕ ಬಸ್ಸಿಗೆ ತಾಯಿ ಬಂದು ಕೂಡಿ ಅತ್ತರು. ಓಣಿಯ ಹೆಂಗಸರೂ ಸೇರಿದರು. ಮಾಸ್ತರರು ಸಂಜೆ ಮನೆಗೆ ಬಂದರೆ ಬಾಗಿಲ ತುಂಬ ಮಂದಿ, ಒಳಗೆ ಗೋಳು.

"ಒಳಗ ನಮ್ಮವ್ವ ಹಾಸಿಗಿ ಹಿಡದಿದ್ಳು. ಆಕೀಗೇ ಏನೋ ಆತು ಅಂತ ಹೊಸ್ತಲದಾಗ ಕುಂತು ನಾನೂ ಜೋರಾಗಿ ಅತ್ತೆ ರೀ. ನಂಗ ಅಳಾಕತ್ತಾರ ಅನ್ನೋದು ನಂಗೇನು ಗೊತ್ತು?"

ಮೇಲ್ ಓದಿ ಬಿಡಿಸಿ ಹೇಳಿದ ಮೇಲೆ ಓಣಿಯವರು ಎದ್ದುಹೋದರಂತೆ. ಅತ್ತೆ ಮಾತ್ರ ಏಳಲಿಲ್ಲ. ಅಳಿಯನನ್ನು ಮೇಲಿಂದ ಕೆಳಗೆ ನೋಡಿ, "ಬಂದದ್ದು ಬಂದೀನಿ, ಏಳು ದಿನ ಇದ್ದು ನೋಡೇ ಹೋಗ್ತೀನಿ ತಗೋ," ಅಂದರಂತೆ. ಹಾಗೇ ಇದ್ದು ಹೋದರಂತೆ.

ಆತೇನ್ರಿ?

ಒಂದು ಹೆಸರಿನ ಮುಂದೆ ಎಚ್ಚರಿಕೆ ಬಲು ಅಚ್ಚುಕಟ್ಟಾಗಿತ್ತು. ಒಂದು ತಿಂಗಳ ಮೊದಲು, ಒಂದು ವಾರ ಮೊದಲು, ಹಿಂದಿನ ದಿನ, ಎಲ್ಲಾ ಚಾಲೂ. ರಾಯಚೂರಿನಲ್ಲೇ ತೆರಿಗೆ ಸಲಹೆಗಾರರು; ಅವಧಿ ಮುಗಿಯಲು ಇನ್ನೊಂದು ವಾರವಷ್ಟೇ ಇತ್ತು. ಇಷ್ಟು ಶಿಸ್ತಿನವರು ಯಾಕೆ ಇನ್ನೂ ನವೀಕರಣಕ್ಕೆ ಬಂದಿಲ್ಲ ಅಂತ ಫೋನ್ ಮಾಡಿದೆ. ಹೆಣ್ಣು ದನಿ ಎತ್ತಿಕೊಂಡಿತು.

"ಅವರು ಇಲ್ರಿ."

"ಎಷ್ಟೊತ್ತಿಗೆ ಬರ್ತಾರ್ರಿ?"

"ಬರೂದಿಲ್ರಿ," ಅಂದರು. "ಯುಗಾದಿ ಮುಂದ ಹೋಗಿಬಿಟ್ರು."

ಮರುದಿನ ಟೋಕನ್ ಹಿಡಿದು ಅವರ ಹೆಂಡತಿ ತಾವೇ ಬಂದರು. ಶಾಲೆಯ ಟೀಚರು, ಮೆಲುಮಾತಿನವರು. ತೀರಿಕೊಂಡವರ ಪ್ರಮಾಣಪತ್ರ ರದ್ದು ಮಾಡಬೇಕಾಗುತ್ತದೆ ಅಂತ ಸಾಹೇಬರು ತಲೆ ತಗ್ಗಿಸಿಯೇ ಹೇಳಿದರು.

"ರದ್ದಾದ್ರ ಆ ಮೇಲ್ ನಿಲ್ತಾವೇನ್ರಿ?"

"ನಿಲ್ತಾವ್ರಿ ಅಕ್ಕಾರ," ಅಂದೆ.

"ಬ್ಯಾಂಕಿನವ್ರು, ರೇಷನ್ ಕಾರ್ಡಿನವ್ರು, ಎಲ್ಲಾರೂ ಅವರ ಹೆಸರು ತಗದು ಹಾಕಿದ್ರು. ಇನ್ನೂ ಹೆಸರು ಹಿಡದು ಕರಿಯೋದು ಅದೊಂದ ಇತ್ತು. ನವೀಕರಣ ಮಾಡಾಕ ಬರೂದಿಲ್ಲೇನ್ರಿ?"

ದಿನಕ್ಕೆ ಹತ್ತು ಸಲ ಹೇಳಿ ಹೇಳಿ ನಾಲಿಗೆಗೆ ರೂಢಿ. "ಅರ್ಜಿದಾರರು ಕ್ಯಾಮೆರಾ ಮುಂದ ಕುಂತು ಹೆಸರು ಹೇಳಿ ಕಣ್ಣು ಪಿಳುಕಿಸಬೇಕ್ರಿ," ಅಂದುಬಿಟ್ಟೆ. ಸಾಹೇಬರು ಕಣ್ಣು ಮುಚ್ಚಿಕೊಂಡರು. ನೆಲ ಬಿರಿಯಬಾರದೇ ಅನ್ನಿಸಿತು.

ಆ ತಾಯಿ ನನ್ನನ್ನೇ ನೋಡಿದರು. ಆಮೇಲೆ ನಕ್ಕುಬಿಟ್ಟರು. "ಅದೊಂದು ಅವರಿಗೆ ಆಗ್ತಿದ್ದಿಲ್ಲ ಬಿಡ್ರಿ. ಕ್ಯಾಮೆರಾ ಕಂಡ್ರ ಕಣ್ಣು ಮುಚ್ಚೋರು. ಮದಿವಿ ಫೋಟೋದಾಗೂ ಮುಚ್ಯಾರ. ಈಗ ಗ್ವಾಡಿಗೆ ಹಾಕಾಕ ಕಣ್ಣು ತೆರದದ್ದೊಂದು ಫೋಟೋ ಸಿಗವಲ್ದು."

ಎರಡು ವರ್ಷದ ಹಿಂದೆ ಅವರ ಯಜಮಾನರ ವಿಡಿಯೋ ತೆಗೆದಿದ್ದು ನಾನೇ. ನಕಲು ಕಂಪ್ಯೂಟರಿನಲ್ಲಿತ್ತು. ಸಾಹೇಬರ ಮುಖ ನೋಡಿದೆ, ಹೂಂ ಅಂದರು. ಹಚ್ಚಿದೆ.

ಪರದೆಯ ಮೇಲೆ ಆ ಯಜಮಾನರು ಕೂತು ಹೆಸರು ಹೇಳಿದರು. "ಕಣ್ಣು ಪಿಳುಕಿಸ್ರಿ ಸರ್," ಅಂತ ನನ್ನ ದನಿ. ಗಟ್ಟಿಯಾಗಿ ಮುಚ್ಚಿಕೊಂಡರು. "ತೆರೀರಿ ಸರ್." ತೆರೆಯಲಿಲ್ಲ. "ಸರ್, ತೆರೀರಿ!" ಕೊನೆಗೆ ದೊಡ್ಡದಾಗಿ ತೆರೆದು, ಗಾಬರಿಯಿಂದ, "ಆತೇನ್ರಿ?" ಅಂದರು. ವಿಡಿಯೋ ಮುಗಿಯಿತು.

"ಇನ್ನೊಮ್ಮೆ ಹಚ್ಚವ್ವಾ," ಅಂದರು ಆ ತಾಯಿ. ಹಚ್ಚಿದೆ. ಅವರು ನಗುತ್ತಿದ್ದರೋ ಅಳುತ್ತಿದ್ದರೋ ಕೇಳಲು ನನಗೆ ಧೈರ್ಯ ಆಗಲಿಲ್ಲ. ಕಣ್ಣು ತೆರೆದ ಆ ಗಳಿಗೆಯನ್ನು ನಿಲ್ಲಿಸಿ ಫೋಟೋ ತೆಗೆದುಕೊಟ್ಟೆ. ಅವರೆದುರೇ ಪ್ರಮಾಣಪತ್ರ ರದ್ದು ಮಾಡಿದೆವು.

ವರ್ಷಾಂತಿಕಕ್ಕೆ ನನ್ನನ್ನೂ ಕರೆದಿದ್ದರು. ನಡುಮನೆಯ ಗೋಡೆಯಲ್ಲಿ ಗಂಧದ ಹಾರದೊಳಗೆ ಅದೇ ಫೋಟೋ. ಕಣ್ಣು ಪೂರಾ ತೆರೆದಿವೆ, ಬಾಯಿಯೂ ಅರ್ಧ ತೆರೆದಿದೆ. ಭಟ್ಟರು ಕೆಳಗೆ ಕೂತು ಮಂತ್ರ ಹೇಳುತ್ತಲೇ ಇದ್ದಾರೆ, ಮೇಲೆ ಯಜಮಾನರು ಅವರನ್ನೇ ನೋಡುತ್ತಾ, "ಆತೇನ್ರಿ?" ಅಂತ ಕೇಳುತ್ತಲೇ ಇದ್ದಾರೆ.